ಲೈನಿನಲ್ಲಿ ಸದ್ದಿದೆ

ಅತ್ತೆಯವರಿಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಬೆಳಿಗ್ಗೆ ಕೇರ್ ಹೋಮಿಗೆ ಬಂದು, ನಿಮ್ಮ ಎಡಗಡೆ ಕುಳಿತು, ನಾನೇ ನಿಧಾನವಾಗಿ ಓದುತ್ತೇನೆ. ಬರೆದುಕೊಳ್ಳದೆ ಬಂದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ತಪ್ಪೊಪ್ಪಿಕೊಳ್ಳಲು ಬಂದವಳು ಇನ್ನೊಂದು ಜಗಳ ತೆಗೆದು ಎದ್ದುಹೋಗುತ್ತೇನೆ.

ಕಳೆದ ವರ್ಷ ಪಾರ್ಶ್ವವಾಯು ನಿಮ್ಮ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕಿತ್ತುಕೊಂಡಿತು. ಉಳಿದದ್ದು ಒಂದೇ ಪದ, "ಲೈನು". ನೀರು ಬೇಕಾದರೂ ಲೈನು, ಸಿಟ್ಟು ಬಂದರೂ ಲೈನು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರವರ ಮಾತನ್ನೆಲ್ಲ ಜೋಡಿಸಿದವರು ನೀವು. ಪಾಪ, ಇನ್ನೂ ಡ್ಯೂಟಿಯಲ್ಲೇ ಇದ್ದೇನೆ ಅಂದುಕೊಂಡಿದ್ದಾರೆ ಎಂದು ನಾವೇ ತೀರ್ಮಾನಿಸಿದೆವು. ನಾವು ಹೇಳಿದ್ದನ್ನು ಕೇಳಿ ಡಾಕ್ಟರೂ ತಲೆಯಾಡಿಸಿದರು.

ಮಾತು ಕಲಿಸುವ ಟೀಚರು ದಿನಕ್ಕೆ ಹತ್ತು ಪದ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ನೀರು, ಬಾಗಿಲು, ಚಮಚ. ಕೇಳಿ ನೀವು ತಿರುಗಿ ಹೇಳಬೇಕು. ಲ್ಯಾಪ್‌ಟಾಪಿನ ಸ್ವರ ಸಣ್ಣದಾಯಿತೆಂದು ಹಳೆಯ ದೊಡ್ಡ ಸ್ಪೀಕರುಗಳನ್ನು ಅಟ್ಟದಿಂದ ಇಳಿಸಿ ಜೋಡಿಸಿದವಳು ನಾನೇ. ಆದರೆ ನೀವು ಒಂದು ಪದವನ್ನೂ ಹೇಳಲಿಲ್ಲ. ಮುಖ ಕಿವುಚಿ "ಲೈನು, ಲೈನು" ಅನ್ನುವುದು, ಎಡಗೈ ಚಾಚಿ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕೀಳುವುದು. ನಾನು ಹಾಕುವುದು, ನೀವು ಕೀಳುವುದು. ಕೊನೆಗೆ ಕಿಟಕಿಯ ಮೇಲಿನ ಪಾಯಿಂಟಿಗೆ ಹಾಕಿದೆ. ನೀವು ಸ್ಟೂಲು ಹತ್ತಿದಿರಿ. ನಿಮ್ಮ ಮಗ ಓಡಿಬಂದು ಹಿಡಿಯದಿದ್ದರೆ ಸೊಂಟ ಮುರಿಯುತ್ತಿತ್ತು. ಅವತ್ತೇ ಅವರು ಕೇರ್ ಹೋಮಿನ ಅರ್ಜಿ ತಂದರು.

ಅರ್ಜಿ ತುಂಬಿದ್ದೂ ನಾನೇ ಅತ್ತೆ. ನಿಮ್ಮ ಮಗನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ನಾನು ಪೆನ್ನು ಕಸಿದುಕೊಂಡೆ. 'ಕರೆಂಟಿನ ವೈರು ಕೀಳುತ್ತಾರೆ, ಹೇಳಿದ್ದು ತಿಳಿಯುವುದಿಲ್ಲ' ಎಂದು ಮುತ್ತು ಪೋಣಿಸಿದಂತೆ ಬರೆದೆ. ಬರೆಯುವಾಗ ನೀವು ಪಕ್ಕದಲ್ಲೇ ಕುಳಿತಿದ್ದಿರಿ. ನೀವು ಓದಿಕೊಂಡಿರೋ ಏನೋ, ನಾನು ತಿರುಗಿ ನೋಡಲಿಲ್ಲ.

ನೀವು ಹೋದ ಮೇಲೆ ಮೊನ್ನೆ ಮಂಗಳವಾರ ಟೀಚರು ಹಳೆಯ ಪಾಠಗಳ ರೆಕಾರ್ಡಿಂಗ್ ಕಳಿಸಿ ಎಂದರು. ಪಾಠ ನಡೆಯುವಾಗ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದೆನಲ್ಲ, ಒಂದನ್ನೂ ಕೇಳಿ ನೋಡಿರಲಿಲ್ಲ. ಮಧ್ಯಾಹ್ನ ಕೆಲಸವೆಲ್ಲ ಮುಗಿಸಿ ಇಯರ್‌ಫೋನ್ ಹಾಕಿಕೊಂಡು ಕುಳಿತೆ. ಟೀಚರ ಸ್ವರದ ಅಡಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಆಮೇಲೆ ನಿಮ್ಮ "ಲೈನು". ಟಕ್ ಎಂದು ಚಾರ್ಜರು ಕಿತ್ತ ಶಬ್ದ. ಗುಂಯ್ ನಿಂತಿತು. ಟೀಚರು ಅಂದರು, "ಬಾಗಿಲು." ನೀವು ತೆಳ್ಳಗೆ, ಆದರೆ ಸರಿಯಾಗಿ, "ಬಾ... ಗಿಲು" ಅಂದಿರಿ.

ಅದರ ಮೇಲೆಯೇ ನನ್ನ ಗಂಟಲು. "ಅತ್ತೆ, ಎಷ್ಟು ಸಲ ಹೇಳೋದು, ವೈರ್ ಮುಟ್ಬೇಡಿ ಅಂತ!"

ಏಳು ರೆಕಾರ್ಡಿಂಗುಗಳ ಪೈಕಿ ನಾಲ್ಕರಲ್ಲಿ ನೀವು ಮಾತಾಡಿದ್ದೀರಿ. ನಾಲ್ಕರಲ್ಲೂ ನಾನು ಕೂಗಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಿಮ್ಮ ಬಗ್ಗೆ ಪಕ್ಕದ ಮನೆಯವರ ಹತ್ತಿರ ತಮಾಷೆ ಮಾಡಿದ್ದೆ. ಇಲ್ಲಿ ನೆಲವೇ ಡೊಂಕಾಗಿತ್ತು.

ನನಗೂ ಆ ಸದ್ದು ಕೇಳುತ್ತಿತ್ತು, ಕೇಳುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫ್ರಿಜ್ಜು ಗುಂಯ್ ಅನ್ನುತ್ತದೆ, ನೀರಿನ ಮೋಟರು ಅನ್ನುತ್ತದೆ, ಹಳೆಯ ಸ್ಪೀಕರೂ ಅನ್ನಲಿ ಬಿಡು ಎಂದು ಸುಮ್ಮನಿದ್ದೆ. ಪೆಟ್ಟು ತಿಂದ ನಿಮ್ಮಂಥವರ ಮಿದುಳಿಗೆ ಸದ್ದಿನಿಂದ ಮಾತನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ ಎಂದು ಟೀಚರು ಈಗ ಹೇಳಿದರು. ಆದರೆ ನನಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ, ತವರಿಗೆ ಫೋನು ಮಾಡಿ ಏನೂ ಕೇಳಿಸದೆ ನಾನು ಅಮ್ಮನ ಮೇಲೆ ರೇಗುತ್ತಿದ್ದಾಗ, ನೀವೇ ಹೇಳಿದ್ದಿರಿ: "ಲೈನಲ್ಲಿ ಸದ್ದಿದ್ರೆ ಮಾತಾಡೋರನ್ನ ಬೈಬಾರ್ದು. ಒಂದೊಂದೇ ಪಿನ್ ಕಿತ್ತು ನೋಡ್ಬೇಕು."

ಮರುದಿನ ಹಾಗೆಯೇ ಒಂದೊಂದೇ ಕಿತ್ತು ನೋಡಿದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಇತ್ತು. ಹೊಸ ಕೇಬಲ್ ಹಾಕಿದೆ, ಇತ್ತು. ಸೆಟ್ಟಿಂಗುಗಳಲ್ಲಿ ಏನೇನೋ ಒತ್ತಿದೆ, ಇತ್ತು. ಚಾರ್ಜರು ಕಿತ್ತೆ, ಹೋಯಿತು. ಟಿವಿ ರಿಪೇರಿಯವರನ್ನು ಕರೆಸಿದೆ. ಸ್ಪೀಕರಿನ ಪ್ಲಗ್ಗು ಒಂದು ಗೋಡೆಯಲ್ಲಿ, ಚಾರ್ಜರಿನದು ಇನ್ನೊಂದು ಗೋಡೆಯಲ್ಲಿ, ಎರಡರ ಅರ್ಥಿಂಗೂ ಆಡಿಯೋ ವೈರಿನ ಮೂಲಕ ಸುತ್ತು ಹಾಕಿಕೊಂಡು ಹಾಗೆ ಗುಂಯ್ಗುಡುತ್ತದಂತೆ. ನಿಮ್ಮ ಮಗ ಚಾರ್ಜರಿನ ಮೂರನೇ ಪಿನ್ನನ್ನೇ, ಆ ಅರ್ಥಿಂಗಿನದನ್ನೇ, ಕತ್ತರಿಸಿಬಿಡೋಣವೇ ಎಂದರು. "ಸದ್ದೂ ಹೋಗುತ್ತೆ, ಒಂದಿನ ನೀವೂ ಹೋಗ್ತೀರಿ," ಎಂದರು ರಿಪೇರಿಯವರು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿಸಿದರು, ಆಡಿಯೋ ವೈರಿನ ನಡುವೆ ಆ ಸುತ್ತನ್ನು ತುಂಡರಿಸುವ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಕೂರಿಸಿದರು. ಈಗ ಸ್ಪೀಕರಿಗೆ ಕಿವಿ ಅಂಟಿಸಿದರೂ ಟೀಚರ ಮಾತು ಮಾತ್ರ ಕೇಳುತ್ತದೆ. ಅರ್ಧ ಗಂಟೆಯ ಕೆಲಸ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಮೇಲೆ ನಿಮ್ಮ ಮಗನಿಗೆ ಆ ರೆಕಾರ್ಡಿಂಗ್ ಕೇಳಿಸಿದೆ. ಅವರು ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಮ್ಮ ರಿಪೇರಿ ಮಾಡ್ತಿದ್ಲು. ನಾವು ಅಮ್ಮನೇ ಕೆಟ್ಟೋಗಿದಾಳೆ ಅಂದ್ಕೊಂಡ್ವಿ," ಎಂದರು. ನಾನು ಅವರ ಬೆನ್ನು ಸವರಿದೆ.

ನಿಮ್ಮ ಕೋಣೆ ಗುಡಿಸಿಟ್ಟಿದ್ದೇನೆ. ಆದರೆ ಹೊರಡಿ ಎಂದು ಈ ಸಲ ಹೇಳುವುದಿಲ್ಲ. ಆ ಅರ್ಜಿಯಲ್ಲಿ 'ಒಪ್ಪಿಗೆ ಇದೆಯೇ' ಎಂಬ ಸಾಲಿತ್ತು. ಅದರ ಮುಂದೆ ನಿಮ್ಮ ಮಗ ಸಹಿ ಹಾಕಿದರು. ನಿಮ್ಮನ್ನು ಯಾರೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಕೆಳಗೆ ಎರಡು ಪದ ದಪ್ಪಗೆ ಬರೆದಿದ್ದೇನೆ. ಯಾವುದರ ಮೇಲೆ ಬೆರಳಿಟ್ಟರೂ ಸರಿ. ನನ್ನ ಮುಖ ನೋಡಿ ದಾಕ್ಷಿಣ್ಯಕ್ಕೆ ಇಡಬೇಡಿ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟಿನಿಂದಲೇ ಇಡಿ. ಬರುವುದಿಲ್ಲ ಎಂದರೆ ಸ್ಪೀಕರನ್ನೂ ಆ ಪೆಟ್ಟಿಗೆಯನ್ನೂ ಹೊತ್ತು ದಿನಾ ನಾನೇ ಅಲ್ಲಿಗೆ ಬರುತ್ತೇನೆ. ಎಷ್ಟು ಹೊತ್ತು ಬೇಕೋ ತೆಗೆದುಕೊಳ್ಳಿ, ನಾನು ಕಾಯುತ್ತೇನೆ.

ನಿಮ್ಮ ಮಾತು ನಿಮಗೆ ಮರಳಲಿ. ಮೊದಲು ನನ್ನನ್ನು ಬೈಯಲು ಬೇಕಾಗುವಷ್ಟು, ಆಮೇಲೆ ಉಳಿದದ್ದೆಲ್ಲ.

ನಿಮ್ಮ ಸೊಸೆ

ಬರ್ತೀನಿ

ಬರಲ್ಲ