ಓದದೆ ಬಿಟ್ಟ ವಾಕ್ಯ

೫ ಮಾರ್ಚ್ ೧೯೬೧, ಭಾನುವಾರ
ಬೆಳಿಗ್ಗೆ ಫ್ರೆಂಚ್ ಕಾದಂಬರಿಯ ಅನುವಾದ, ಎರಡು ಪುಟ. ಮಧ್ಯಾಹ್ನ ಎಂದಿನಂತೆ ಪುರಸೈವಾಕ್ಕಂನಲ್ಲಿ ತಿರುಮಲೇಶನ ಮನೆ ಊಟ. ಈ ತಮಿಳರ ಊರಿನಲ್ಲಿ ವಾರಕ್ಕೊಮ್ಮೆ ನಾನು ಮನಸಾರೆ ಕನ್ನಡ ಮಾತಾಡುವುದು ಅಲ್ಲಿ ಮಾತ್ರ. ಮುಂದಿನ ಭಾನುವಾರ ಇಲ್ಲಿನ ಕನ್ನಡ ಸಂಘದಲ್ಲಿ ಚರ್ಚೆಯಂತೆ — ಸೃಷ್ಟಿಯ ಬಗ್ಗೆ ವಿಜ್ಞಾನವನ್ನು ನಂಬಬೇಕೋ, ಶಾಸ್ತ್ರವನ್ನೋ. ಅವನು ಶಾಸ್ತ್ರದ ಕಡೆ. ಇಬ್ಬರು ಖಗೋಳ ವಿಜ್ಞಾನಿಗಳ ವಾದವಿರುವ ಇಂಗ್ಲಿಷ್ ಲೇಖನ ಕೊಟ್ಟ.
“ಕನ್ನಡಕ್ಕೆ ಮಾಡ್ಕೊಡೋ. ನಿನ್ನಷ್ಟು ಕರಾರುವಾಕ್ಕಾಗಿ ಇನ್ಯಾರು ಮಾಡ್ತಾರೆ?”
ಅವನ ಹೆಂಡತಿ ಕಲಾವತಿ ಇನ್ನೊಂದು ಸೌಟು ಹುಳಿ ಬಡಿಸಿದರು. ಒಪ್ಪಿದೆ.

೯ ಮಾರ್ಚ್
ಪೆರಂಬೂರಿನ ಆಫೀಸಿನಿಂದ ಬಂದು ಅನುವಾದ ಮುಗಿಸಿದೆ. ವಿಶ್ವಕ್ಕೆ ಆರಂಭವಿದೆ ಎನ್ನುತ್ತಾನೆ ಒಬ್ಬ. ಇಲ್ಲ ಎನ್ನುತ್ತಾನೆ ಇನ್ನೊಬ್ಬ. ಕೊನೆಯ ವಾಕ್ಯಕ್ಕೆ ಒಂದು ಗಂಟೆ ಹಿಡಿಯಿತು — “ನಕ್ಷತ್ರಸಮೂಹಗಳು ದೂರ ಸರಿಯುತ್ತಿವೆ ಎಂಬುದನ್ನು ಇಬ್ಬರೂ ಒಪ್ಪುತ್ತೇವೆ; ಏಕೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.”

೧೨ ಮಾರ್ಚ್, ಸಂಜೆ
ಸಂಘದಲ್ಲಿ ತಿರುಮಲೇಶ ನನ್ನ ಅನುವಾದದಿಂದ ಎರಡೂ ವಾದ ಓದಿದ. ಕೊನೆಯ ವಾಕ್ಯ ಓದಲಿಲ್ಲ.
“ತಮ್ಮತಮ್ಮಲ್ಲೇ ಒಪ್ಪದವರು ನಮಗೇನು ಹೇಳ್ತಾರೆ ಸ್ವಾಮಿ?” ಚಪ್ಪಾಳೆ.
ವಿಜ್ಞಾನದ ಕಡೆಯ ಭೋಜರಾಜ ಎದ್ದ. “ಅನುವಾದ ಸರಿ ಉಂಟಾ?”
ಅಧ್ಯಕ್ಷರು ನನ್ನತ್ತ ನೋಡಿದರು. ಸರಿಯಾಗಿದೆ ಎಂದೆ. ಅನುವಾದ ಸರಿಯಾಗಿಯೇ ಇತ್ತು...

೧೯ ಮಾರ್ಚ್
ಊಟದ ಹೊತ್ತಿಗೆ ಕೇಳಿದೆ, ಏಕೆ ಬಿಟ್ಟೆ?
“ಟೈಮ್ ಇರಲಿಲ್ಲ ಕಣೋ. ಒಂದು ವಾಕ್ಯಕ್ಕೆ ವಾರವಿಡೀ ಮುಖ ಊದಿಸ್ಕೊಂಡಿದ್ಯಾ?”
ಕಲಾವತಿ ನಕ್ಕರು. ನಾನೂ ನಕ್ಕೆ.
ಸಂಜೆ ಚರ್ಚೆಯ ಎರಡನೆಯ ಭಾಗ. ಎದ್ದು ಆ ವಾಕ್ಯ ಓದಿದೆ. ಬೇರೇನೂ ಸೇರಿಸಲಿಲ್ಲ. ಭೋಜರಾಜ ಬಿಡುತ್ತಾನೆಯೇ.
“ನೋಡಿ ಮಾರಾಯ್ರೆ, ಇವರ ಅನುವಾದಕರೇ ಇವರನ್ನು ಒಪ್ಪುವುದಿಲ್ಲ. ಇನ್ನು ಇವರ ಶಾಸ್ತ್ರವನ್ನು ನಾವು ನಂಬುವುದು ಹೇಗೆ?”
ಚಪ್ಪಾಳೆ, ಹೋದ ವಾರಕ್ಕಿಂತ ಜೋರು. ಅದೂ ಸರಿಯಲ್ಲ ಎನ್ನಲು ಮತ್ತೆ ಎದ್ದೆ. ಕುಳಿತುಕೊಳ್ಳಿ ಎಂದರು ಅಧ್ಯಕ್ಷರು.
ಮೆಟ್ಟಿಲ ಬಳಿ ತಿರುಮಲೇಶ — “ಮನೇಲಿ ಕೇಳಿದ್ದು ಸಾಲ್ದಾಗಿತ್ತಾ?” ಒಬ್ಬನೇ ಬಸ್ಸು ಹತ್ತಿದ.

೯ ಏಪ್ರಿಲ್, ಭಾನುವಾರ
ಮೂರನೆಯ ವಾರ ಹೋಟೆಲ್ ಊಟ. ಸಪ್ಲೈಯರ್ ತಮಿಳಿನಲ್ಲಿ ಕೇಳಿದ, ತಮಿಳಿನಲ್ಲೇ ಹೇಳಿದೆ. ಭೋಜರಾಜ ಬಂದು ಎದುರು ಕುಳಿತ.
“ಇನ್ನು ನೀವು ನಮ್ಮವರೇ.”
ಅಲ್ಲ ಎಂದೆ.
“ಹಾಗಾದರೆ ಯಾರ ಕಡೆ?”
ಸಪ್ಲೈಯರ್‌ನನ್ನು ಕರೆದು ಮಜ್ಜಿಗೆ ಹೇಳಿದೆ. ಭೋಜರಾಜ ಎದ್ದು ಹೋದ.

೧೬ ಏಪ್ರಿಲ್, ಹನ್ನೆರಡೂವರೆ
ಪುರಸೈವಾಕ್ಕಂಗೆ ಹೊರಡಲು ಅಂಗಿ ಹಾಕಿಕೊಂಡು ಕುಳಿತಿದ್ದೇನೆ. ತಿರುಮಲೇಶ ಕರೆದಿಲ್ಲ. ಬರಬೇಡ ಎಂದೂ ಹೇಳಿಲ್ಲ. ಕ್ಷಮೆ ಕೇಳಲಾರೆ, ಕೇಳುವಂಥದ್ದೇನೂ ಮಾಡಿಲ್ಲ. ಬಾಗಿಲು ತೆರೆಯುವುದು ಕಲಾವತಿ. ಏನೆನ್ನಲಿ? ಹಸಿವಾಗಿದೆ ಎನ್ನಬಹುದು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ — ಬಸ್ಸಿಗೆ ಹೊತ್ತಾಯಿತು.