ಬೆಲ್ಲ ಹಾಕದ ಗಾರೆ

ಮಾರಂಡಹಳ್ಳಿ, ಡಿಸೆಂಬರ್ ೧೯೩೬

ಅಪ್ಪ,

ನೀನು ಕಟ್ಟಿದ ಚರ್ಚಿನ ಗಾರೆ ಇವತ್ತು ಬಿತ್ತು! ಮೇಲೆ ಕೂತು ಬೈಯಬೇಡ, ಪೂರ್ತಿ ಕೇಳು.

ಕ್ರಿಸ್ಮಸ್ಸಿಗೆ ಸುಣ್ಣ ಹೊಡೆಯುತ್ತಿದ್ದೆವು. ಬಾಗಿಲ ಪಕ್ಕದ ಗೋಡೆಗೆ ಕುಂಚ ತಾಗಿದ್ದೇ ತಡ, ಗಾರೆ ದೊಪ್ಪನೆ ಉದುರಿತು. ಗೋಡೆಯೇ ಬಿತ್ತೆಂದು ಒಳಗೆ ಹಾಡು ಕಲಿಯುತ್ತಿದ್ದವರೆಲ್ಲ ಹೊರಗೋಡಿ ಬಂದರು. ಪಾದ್ರಿಗಳು ಎಲ್ಲರಿಗಿಂತ ಮುಂದೆ. ನನಗೋ ನಾಚಿಕೆ. ಬೆಲ್ಲದ ನೀರು ಬೆರೆಸಿ ಕಲ್ಲಾಗಿಸಿದ ನಿನ್ನ ಗಾರೆ ಅಷ್ಟೆತ್ತರದ ಕಮಾನುಗಳಲ್ಲೂ ಬಿರುಕು ಬಿಟ್ಟಿಲ್ಲ, ಇಲ್ಲೇಕೆ ಹೀಗೆ?

ನೋಡಿದರೆ, ಹಿಂದೆ ಒಂದು ದೀಪದ ಗೂಡು!

ನಿನಗೆ ಗಾರೆ ಅರೆದುಕೊಡುತ್ತಿದ್ದ ಮಾದಮ್ಮಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. "ಬಾಗ್ಲಿಗೆ ದೀಪದ ಗೂಡಿಲ್ದೆ ನಿಮ್ಮಪ್ಪ ಏನೂ ಕಟ್ತಿರ್ನಿಲ್ಲ ಕಣವ್ವ. ಆಗ ಚರ್ಚು ಕಟ್ಟುಸ್ತಿದ್ದ ಪ್ರೆಸ್ಬಿಟೇರಿಯನ್ ದೊರೆ, ನಮ್ಮ ಸಭೇಲಿ ಇದೆಲ್ಲ ಆಗಾಕಿಲ್ಲ, ಮುಚ್ಚು ಅಂದ. ನಿಮ್ಮಪ್ಪ ಮುಚ್ಚಿದ್ರು. ಆ ಜಾಗದ ಗಾರೆಗೆ ಮಾತ್ರ ಬೆಲ್ಲ ಬ್ಯಾಡ, ಇವತ್ತಲ್ಲ ನಾಳೆ ಬೀಳ್ಲಿ ಅಂದ್ರು!"

ಈಗಿನ ಪಾದ್ರಿಗಳು ಮೂಗಿನ ಮೇಲಿನ ಸುಣ್ಣ ಒರೆಸಿಕೊಂಡು, "ಇರುಕ್ಕಟ್ಟುಂ, ವಿಳಕ್ಕು ವೈಯುಂಗಮ್ಮಾ" ಎಂದು ತಮ್ಮ ತಮಿಳಿನಲ್ಲಿ ಗೂಡು ಇರಲಿ, ದೀಪ ಇಡಮ್ಮ ಅಂದು, ತಾವೇ ಎಣ್ಣೆ ತಂದುಕೊಟ್ಟರು. ಸಂಜೆ ನಾನೇ ದೀಪ ಹಚ್ಚಿದೆ.

ನಾನು ಕ್ರಿಸ್ತರ ಮತಕ್ಕೆ ಸೇರಿ ಅದೇ ಚರ್ಚಿನಲ್ಲಿ ಮದುವೆಯಾದ ದಿನ, ನೀನು ಹೊಸ ಪಂಚೆ ಉಟ್ಟು ಬಂದು, ಒಳಗೆ ಬರದೆ ಎದುರಿನ ಹುಣಸೆಮರದ ಕೆಳಗೇ ನಿಂತುಬಿಟ್ಟೆ. ನಾನು ಕಿಟಕಿಯಿಂದ ನೋಡಿದ್ದೆ.

ಗೂಡು ಇರುವುದು ಬಾಗಿಲ ಹೊರಗಡೆ, ಅಪ್ಪ. ದೀಪದ ಬೆಳಕು ಹುಣಸೆಮರದ ಬುಡದವರೆಗೂ ಬೀಳುತ್ತದೆ.