ಗಾಳಿ ಹೆಚ್ಚಾದ ಮಧ್ಯಾಹ್ನ ಗುಬ್ಬಿಗೆ ಕರೆಂಟಿರಲಿಲ್ಲ

ರಾಜ್ಯದ ವಿದ್ಯುತ್ ಖರೀದಿ ಮತ್ತು ಹಂಚಿಕೆಯನ್ನು ತೀರ್ಮಾನಿಸುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ಕರೆಂಟು ಹೆಚ್ಚಾಗಿದೆ ಎಂದು ನೀವು ಗಾಳಿಯಂತ್ರಗಳನ್ನು ನಿಲ್ಲಿಸಿದ ಮಧ್ಯಾಹ್ನವೇ, ಕರೆಂಟಿಲ್ಲ ಎಂದು ಗುಬ್ಬಿಯ ನಮ್ಮ ಬೀದಿಗೆ ಕತ್ತರಿ ಹಾಕಿದಿರಿ. ಎರಡೂ ಆದೇಶಗಳು ನಿಮ್ಮ ಕಚೇರಿಯಿಂದಲೇ ಹೊರಟಿದ್ದವು. ಅವೆರಡರ ನಡುವೆ ಸಿಕ್ಕಿ ಉಸಿರಿಗಾಗಿ ಬಾಯಿ ಬಿಟ್ಟವರು ನನ್ನ ಅತ್ತೆ.

ಅತ್ತೆಯ ಹೆಸರು ದೊಡ್ಡಗಂಗಮ್ಮ. ಜೀವಮಾನವಿಡೀ ತೆಂಗಿನ ಮಟ್ಟೆ ಉರಿಸಿ ಹೊಗೆ ಕುಡಿದವರು. ಅವರ ಶ್ವಾಸಕೋಶ ಈಗ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ತುಮಕೂರಿನ ವೈದ್ಯರ ಸಲಹೆಯಂತೆ ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇಟ್ಟಿದ್ದೇವೆ. ಅದು ಓಡುವುದು ಕರೆಂಟಿನಿಂದ. ನನ್ನ ಗಂಡ ಜಯಪ್ರಕಾಶ್ ಚಿತ್ರದುರ್ಗದ ಕಡೆಯ ಗುಡ್ಡವೊಂದರಲ್ಲಿ ಖಾಸಗಿ ಕಂಪನಿಯ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಮಗ ಕರೆಂಟು ತಯಾರಿಸುತ್ತಾನೆ, ತಾಯಿ ಕರೆಂಟಿನಲ್ಲಿ ಬದುಕುತ್ತಾಳೆ. ನಡುವೆ ನೀವಿದ್ದೀರಿ.

ಕಳೆದ ಶ್ರಾವಣದ ಮಾತು. ಊಟ ಮುಗಿಸಿ ಅತ್ತೆ ಒರಗಿಕೊಂಡಿದ್ದಾಗ ಮೆಷಿನ್ ಒಮ್ಮೆ ಕೂಗಿಕೊಂಡು ನಿಂತಿತು. ಪಕ್ಕದಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರ್ ಬೆಳಗಿನ ಕಡಿತದಲ್ಲೇ ಬಹುಪಾಲು ಖಾಲಿಯಾಗಿತ್ತು. ಊರಿನ ವಿದ್ಯುತ್ ಕಚೇರಿಗೆ ಫೋನ್ ಮಾಡಿದೆ.

"ಮೇಲಿಂದ ಆರ್ಡರ್ ಬಂದೈತೆ ಕಣಮ್ಮ. ಕರೆಂಟೇ ಇಲ್ವಂತೆ. ಸಂಜೆಗಂಟ ಕೊಡಂಗಿಲ್ಲ," ಎಂದರು.

ಗಂಡನಿಗೆ ಫೋನ್ ಮಾಡಿದರೆ ಅವರ ಮಾತಿಗಿಂತ ಗಾಳಿಯ ಸದ್ದೇ ಜೋರಾಗಿತ್ತು.

"ರೀ, ಕರೆಂಟ್ ತೆಗ್ದವ್ರೆ. ಅತ್ತೆಗೆ ಉಸ್ರು ಸಾಲ್ತಿಲ್ಲ."

"ಕರೆಂಟ್ ಜಾಸ್ತಿ ಆಗೈತೆ, ನಿಲ್ಸಿ ಅಂತ ಈಗ್ತಾನೆ ಹೇಳಿದ್ರು ಕಣೇ. ನಿಲ್ಸ್ತಾ ಇದೀನಿ," ಎಂದರು. ಆಮೇಲೆ ಗಾಳಿಯ ಸದ್ದಿನ ಮೇಲೆ ಕೂಗಿ ಹೇಳಿದರು: "ಛತ್ರದಲ್ಲಿ ಜನರೇಟರ್ ಇರ್ತದೆ. ಅಮ್ಮನ್ನ ಅಲ್ಲಿಗೆ ಎತ್ಕೊಂಡ್ ಹೋಗು."

ಪಕ್ಕದ ಮನೆಯ ಅಡವಿಯಪ್ಪನವರೂ ನಾನೂ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀದಿಯ ಕೊನೆಯ ಛತ್ರಕ್ಕೆ ಹೊತ್ತೆವು. ಅಡವಿಯಪ್ಪನವರ ಮಗಳು ಮೆಷಿನ್ ಎಳೆದು ತಂದಳು. ಅಲ್ಲಿ ಯಾರದೋ ಮದುವೆ. ಅತ್ತೆಯ ತುಟಿ ನೀಲಿಗಟ್ಟಿತ್ತು. ಅಡುಗೆಯ ಗುಂಡಯ್ಯ ನಮ್ಮನ್ನು ನೋಡಿದವರೇ ಗ್ರೈಂಡರಿನ ಪ್ಲಗ್ ಕಿತ್ತರು. "ಚಟ್ನಿ ಆಮೇಲ್ ರುಬ್ಬಾನ ಬುಡಿ. ಮೊದ್ಲು ಅಜ್ಜಿಗೆ ಹಾಕಿ," ಎಂದರು.

ಉಸಿರು ಮರಳಿದ ಮೇಲೆ ಅತ್ತೆ ಸುತ್ತ ನೋಡಿ ಮೆಲ್ಲಗೆ ಕೇಳಿದರು: "ಯಾರ ಮದ್ವೆನೇ ಇದು? ಮುಯ್ಯಿ ಇಲ್ದೆ ಬಂದ್ಬಿಟ್ವಲ್ಲ." ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಅಂದು ಉಳಿದ ಜೀವ ಮತ್ತೆ ಮೊದಲಿನಂತಾಗಲಿಲ್ಲ. ಆಮೇಲೆ ಸೇರಿಸಿದ್ದ ಆಸ್ಪತ್ರೆಯಿಂದ ಮನೆಗೆ ಬಂದವರು ಹಿತ್ತಲಿಗೂ ನಡೆಯಲಾರದವರಾಗಿದ್ದಾರೆ.

ನಿಮ್ಮ ಕಚೇರಿಗೂ ಬಂದಿದ್ದೆ. ಎಂಜಿನಿಯರೊಬ್ಬರು ಸೌಜನ್ಯದಿಂದಲೇ ವಿವರಿಸಿದರು. ಕಲ್ಲಿದ್ದಲಿನ ಸ್ಥಾವರಗಳಿಂದ ಎಷ್ಟು ಕೊಳ್ಳಬೇಕು, ಯಾವ ಊರಿಗೆ ಎಷ್ಟು ಕಡಿತ ಎಂಬುದೆಲ್ಲ ಹಿಂದಿನ ದಿನವೇ ನಿಗದಿಯಾಗಿರುತ್ತದಂತೆ. ಗಾಳಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಲೆಕ್ಕಕ್ಕಿಲ್ಲದ ಕರೆಂಟು ನುಗ್ಗಿದರೆ ಜಾಲದ ಸಮತೋಲ ಕೆಡುವುದರಿಂದ ಅದನ್ನು ನಿಲ್ಲಿಸುತ್ತಾರೆ. "ಗಾಳಿ ಹೇಳಿ ಕೇಳಿ ಬರಲ್ಲ ಮೇಡಂ," ಎಂದರು. ಆಷಾಢ, ಶ್ರಾವಣದಲ್ಲಿ ಗಾಳಿ ಬೀಸುತ್ತದೆಂದು ಪಟ ಹಾರಿಸುವ ಮಕ್ಕಳಿಗೂ ಗೊತ್ತು. ನಿಮಗೆ ಮಾತ್ರ ಅದು ಪ್ರತಿ ವರ್ಷವೂ ಹೊಸ ಸಮಾಚಾರವೇ? ಮಿಕ್ಕ ಕರೆಂಟನ್ನು ನಿಲ್ಲಿಸಲು ಒಂದು ಫೋನ್ ಸಾಕು. ಅದನ್ನೇ ಕತ್ತಲಲ್ಲಿರುವ ಊರಿಗೆ ಕೊಡಲು ಮಾತ್ರ ನಾಳೆಯವರೆಗೆ ಕಾಯಬೇಕೇ?

ಈಗ ವಿದ್ಯುತ್ತಿಗೂ ಮಾರುಕಟ್ಟೆ ತೆರೆದಿದೆ. ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ, ಮುಂದೆ ಬಯಲಿನ ತುಂಬ ಸೌರಫಲಕ ಎನ್ನುತ್ತೀರಿ. ಸಂತೋಷ. ಆದರೆ ಕಲ್ಲಿದ್ದಲಿನ ಕಾಲದ ವ್ಯಾಪಾರವನ್ನೇ ಇಟ್ಟುಕೊಂಡು ಗಾಳಿ, ಬಿಸಿಲಿನ ಸಂಸಾರ ನಡೆಸಲಾದೀತೇ? ನಾಳೆಯ ಗಾಳಿಯನ್ನು ಇಂದೇ ಅಂದಾಜು ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊಡುಕೊಳ್ಳುವಿಕೆಯನ್ನು ಆಯಾ ಗಂಟೆಯವರೆಗೂ ತಿದ್ದಲು ಬಿಡಿ. ಗಾಳಿಯಿದ್ದಾಗ ಅಣೆಕಟ್ಟೆಯ ನೀರು ಉಳಿಸಿ, ಗಾಳಿ ಬಿದ್ದಾಗ ಬಿಡುವವರಿಗೆ ಆ ಸೇವೆಗೂ ಬೆಲೆ ಕಟ್ಟಿ. ಎಲ್ಲಕ್ಕಿಂತ ಮೊದಲು, ಕಡಿತಕ್ಕೊಳಗಾದ ಊರುಗಳಿಗೆ ಕರೆಂಟು ಕೊಡದೆ ಒಂದೇ ಒಂದು ಗಾಳಿಯಂತ್ರವನ್ನೂ ನಿಲ್ಲಿಸಕೂಡದೆಂದು ಆದೇಶ ಹೊರಡಿಸಿ.

ಈ ವರ್ಷದ ಗಾಳಿ ಶುರುವಾಗಿದೆ. ನಿನ್ನೆ ಫ್ಯಾನ್ ನಿಂತಾಗ ಅತ್ತೆ ನನ್ನ ಕೈ ಹಿಡಿದು, "ಕರೆಂಟ್ ತೆಗೆದ್ರೇನೇ?" ಎಂದರು. "ಇಲ್ಲ ಅತ್ತೆ, ನಾನೇ ಆರ್ಸ್ದೆ," ಎಂದು ಸುಳ್ಳು ಹೇಳಿ ಸಿಲಿಂಡರಿನ ಕೀಲಿ ತಿರುಗಿಸಿದೆ. ಅವರು ನಂಬಲಿಲ್ಲ. ಇರುವುದನ್ನು ಉಳಿಸುವವರಂತೆ ಸಣ್ಣಸಣ್ಣಗೆ ಉಸಿರೆಳೆಯತೊಡಗಿದರು.

ನಿಮ್ಮ ಆದೇಶ ಹೊರಡುವುದಾದರೆ ಈ ಗಾಳಿ ನಿಲ್ಲುವ ಮೊದಲು ಹೊರಡಲಿ.

ಇಂತಿ,
ಕೊರತೆಗೂ ಹೆಚ್ಚಳಕ್ಕೂ ಒಂದೇ ಶಿಕ್ಷೆ ಉಂಡಿರುವ,
ಶಾಂತಲಾ ಜಯಪ್ರಕಾಶ್
ಗುಬ್ಬಿ, ಜುಲೈ ೨೦೦೯